ಗುಜರಿ ಎಂದ ಗಂಟಲು

ಆ ದನಿ ಕೇಳಿದರೆ ಊರಿನ ಹೆಂಗಸರು ಒಲೆಯ ಉರಿ ಸಣ್ಣ ಮಾಡಿ ಬಾಗಿಲಿಗೆ ಬರುತ್ತಿದ್ದರು. ನಲ್ಲಿ ನೀರು ಯಾವಾಗ, ಕರೆಂಟು ಯಾವ ಬೀದಿಗಿಲ್ಲ, ಮಕ್ಕಳಿಗೆ ಲಸಿಕೆ ಎಲ್ಲಿ, ಪುರಸಭೆಯ ಸುದ್ದಿ ಏನಿದ್ದರೂ ಬಿಳಿ ವ್ಯಾನಿನ ನೆತ್ತಿಯ ಮೇಲಿನ ಸ್ಪೀಕರಿನಿಂದಲೇ ಬರಬೇಕು, ಅದೇ ಗಂಟಲಿನಿಂದ ಬರಬೇಕು. ನೀರು ಬರದಿದ್ದರೂ ಚಿಂತೆಯಿಲ್ಲ, ಬರುವುದಿಲ್ಲವೆಂದು ಅವನು ಹೇಳುವುದನ್ನು ಕೇಳಿದರೆ ಸಾಕು ಎನ್ನುವಂಥ ದನಿ. ಊರು ಅವನಿಗೆ ಮೈಕು ಎಂದು ಹೆಸರಿಟ್ಟಿತ್ತು.

ಸಂತೆ ಬೀದಿಯ ಸೈಕಲ್ ಅಂಗಡಿಯವಳು ಮಾತ್ರ ಬಾಗಿಲಿಗೆ ಬರುತ್ತಿರಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು, ತಲೆ ಎತ್ತದೆ ಕೇಳುತ್ತಿದ್ದಳು. ವ್ಯಾನು ತಿರುವು ದಾಟಿ ದನಿ ಕರಗುವವರೆಗೂ ಕೇಳಿ, ಆಮೇಲೆ ಎಂದಿಗಿಂತ ಜೋರಾಗಿ ನಟ್ಟು ತಿರುವುತ್ತಿದ್ದಳು. ಅವಳಿಗೂ ಊರು ಹೆಸರಿಟ್ಟಿತ್ತು: ಕಿಡಿ. ಮೂಗಿನ ತುದಿಯಲ್ಲೇ ಸಿಟ್ಟು. ಪಂಕ್ಚರ್ ಹಾಕಿಸಿಕೊಳ್ಳಲು ಬಂದವರು ಮೊದಲು ಅವಳ ಮುಖ ನೋಡಿ, ಆಮೇಲೆ ಸೈಕಲ್ ಇಳಿಯುತ್ತಿದ್ದರು.

ಆ ಸಂತೆಯ ದಿನ ಬೆಳಿಗ್ಗೆ ಅವಳು ವೀಲ್‌ಚೇರ್ ಒಂದನ್ನು ಮಗುಚಿ ಹಾಕಿಕೊಂಡು ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ದನಿ ಬಂತು. ಕೈ ತಾನಾಗಿ ನಿಂತಿತು.

"ಸಾರ್ವಜನಿಕರ ಗಮನಕ್ಕೆ. ಸಂತೆ ಬೀದಿಯ ಹಳೆಯ ತೂಕದ ಮನೆಯನ್ನು ಪುರಸಭೆಯು ಗೋದಾಮಿಗಾಗಿ ವಶಕ್ಕೆ ಪಡೆಯಲಿದ್ದು, ಅದರಲ್ಲಿರುವ ಗುಜರಿ ಸಾಮಾನುಗಳನ್ನು ಮುಂದಿನ ಸಂತೆಯಂದು ಹರಾಜು ಹಾಕಲಾಗುವುದು. ಆಕ್ಷೇಪಣೆ ಇದ್ದವರು ಅಂದು ಬೆಳಿಗ್ಗೆ ಪುರಸಭೆಯ ಸಭಾಂಗಣಕ್ಕೆ ಬಂದು ತಿಳಿಸತಕ್ಕದ್ದು."

ಗುಜರಿ. ಎಷ್ಟು ಮುದ್ದಾಗಿ ಹೇಳಿದ! ಜೇನಿನಲ್ಲಿ ಅದ್ದಿದ ಕಲ್ಲಿನ ಹಾಗೆ.

ತೂಕದ ಮನೆಯೆಂದರೆ ಹಿಂದೆ ಮೂಟೆ ತೂಗುತ್ತಿದ್ದ ದೊಡ್ಡ ಕೋಣೆ. ತೂಕ ನಿಂತು ಹಾಳು ಬಿದ್ದದ್ದನ್ನು ಅವಳ ಅಪ್ಪ ಗುಡಿಸಿ, ಸುಣ್ಣ ಬಳಿದು, ಒಂದು ಊರುಗೋಲು ತಂದಿಟ್ಟಿದ್ದರು. ಆಮೇಲೆ ಯಾರೋ ವೀಲ್‌ಚೇರ್ ಕೊಟ್ಟರು, ಯಾರೋ ತಲೆ ಎತ್ತುವ ಆಸ್ಪತ್ರೆ ಮಂಚ, ವಾಕರ್, ಕಮೋಡ್ ಕುರ್ಚಿ. ಮನೆಯಲ್ಲಿ ಕಾಯಿಲೆಯಾದವರು ಬಂದು ಬೇಕಾದ್ದನ್ನು ಒಯ್ಯಬಹುದು, ಮುಗಿದ ಮೇಲೆ ತಂದಿಡಬಹುದು. ಹೆಸರು ಬರೆಯುವುದಿಲ್ಲ, ಯಾರಿಗೆ ಎಂದು ಕೇಳುವುದಿಲ್ಲ. ಅದು ಅಪ್ಪನ ಕಟ್ಟುನಿಟ್ಟು. "ಕಾಯಿಲೆ ಅವರ ಮನೇದು ಮಗಳೇ, ಸಾಮಾನು ಮಾತ್ರ ನಮ್ದು" ಎನ್ನುತ್ತಿದ್ದರು. ಗುಣವಾದ ಮನೆಯವರು ನಗುತ್ತಾ ತಂದು ಕೈಗೆ ಕೊಡುತ್ತಿದ್ದರು. ಗುಣವಾಗದ ಮನೆಯವರು ಬೆಳಕು ಹರಿಯುವ ಮೊದಲು ಬಾಗಿಲಲ್ಲಿಟ್ಟು ಹೋಗುತ್ತಿದ್ದರು, ಚೆನ್ನಾಗಿ ತೊಳೆದು, ಮೇಲೊಂದು ಮಡಿಸಿದ ಬೆಡ್‌ಶೀಟ್ ಇಟ್ಟು. ಬೆಡ್‌ಶೀಟ್ ಕಂಡರೆ ಅಪ್ಪ ಆ ದಿನ ರೇಡಿಯೋ ಹಾಕುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಅವಳೂ ಹಾಕುವುದಿಲ್ಲ.

ಅದು ಗುಜರಿಯೇ?

ಎಣ್ಣೆಯ ಕೈಯಲ್ಲೇ ಸ್ಪ್ಯಾನರ್ ಹಿಡಿದು ಅವಳು ಬೀದಿಗೆ ಇಳಿದಳು. ಈರುಳ್ಳಿ ರಾಶಿಗಳ ನಡುವೆ ತೆವಳುತ್ತಿದ್ದ ವ್ಯಾನಿನ ಎದುರು ನಿಂತು ಬಾನೆಟ್ಟಿನ ಮೇಲೆ ಅಂಗೈ ಬಡಿದಳು.

"ನಿಲ್ಸಿ! ಯಾವುದ್ರೀ ಗುಜರಿ?"

"...ಅದರಲ್ಲಿರುವ ಗುಜರಿ ಸಾಮಾನುಗಳನ್ನು..." ಎಂದಿತು ಮೇಲಿನಿಂದ ದನಿ.

"ನಾನು ಮಾತಾಡುವಾಗ ಮಧ್ಯೆ ಬಾಯಿ ಹಾಕ್ಬೇಡಿ!"

"ಅವನ ಬಾಯಿ ಮುಚ್ಚಿದೆ ಕಣೇ" ಎಂದು ಈರುಳ್ಳಿ ಅಜ್ಜಿ ಕುಳಿತಲ್ಲಿಂದಲೇ ಕೂಗಿದಳು. "ಅದು ರೆಕಾರ್ಡು!"

ನಿಜವೇ. ಅವನು ಡ್ರೈವರ್ ಪಕ್ಕದಲ್ಲಿ ತುಟಿ ಬಿಗಿದುಕೊಂಡು ಕುಳಿತಿದ್ದ. ನೆತ್ತಿಯ ಮೇಲೆ ಅವನದೇ ದನಿ "ಆಕ್ಷೇಪಣೆ ಇದ್ದವರು" ಎಂದು ರಾಗವಾಗಿ ಕರೆಯುತ್ತಿದ್ದರೆ, ಕೆಳಗೆ ಅವನು ಸ್ವಿಚ್ಚಿಗಾಗಿ ತಡಕಾಡುತ್ತಿದ್ದ. ಕಿವಿಯ ತುದಿ ಕೆಂಪಾಗಿತ್ತು. ಇಷ್ಟು ಹತ್ತಿರದಿಂದ ಅವಳು ಅವನನ್ನು ನೋಡಿದ್ದೇ ಇಲ್ಲ. ಆ ದನಿಗೆ ಎತ್ತರದ, ದಪ್ಪ ಮೀಸೆಯ ಗಂಡಸನ್ನು ಮನಸ್ಸಿನಲ್ಲೇ ಹೊಲಿದಿಟ್ಟಿದ್ದಳು. ಇವನೋ ತೆಳ್ಳಗೆ, ಹೆಂಗಸರಿಗೂ ಹೊಟ್ಟೆಕಿಚ್ಚಾಗುವಂಥ ಉದ್ದ ರೆಪ್ಪೆಯವನು. ರೆಪ್ಪೆ ಎತ್ತಿ ಅವಳನ್ನು ನೋಡಿದ, ತಕ್ಷಣ ಇಳಿಸಿದ, ಮತ್ತೆ ಎತ್ತಿದ.

ದನಿ ನಿಂತಿತು. ಸಂತೆಯೂ ನಿಂತಿತು.

"ಅವರು ಬರ್ಕೊಟ್ಟಿದ್ದನ್ನ..." ಎಂದ. ಆ ಮಾತು ಬಾಯಿಂದ ಹೊರಟು ಕಿಟಕಿ ದಾಟುವಷ್ಟರಲ್ಲಿ ಸೋತುಹೋಯಿತು.

"ಜೋರಾಗಿ ಹೇಳಿ! ಮೇಲಿಂದಾದ್ರೆ ಊರಿಗೆಲ್ಲ ಕೇಳೋ ಹಾಗೆ ಹೇಳ್ತೀರಿ!"

ಅವನು ಕಷ್ಟಪಟ್ಟು ಗಂಟಲು ಸರಿಮಾಡಿಕೊಂಡ. "ಕೆನ್ನೇಲಿ ಗ್ರೀಸು."

"ಏನು?"

"ನಿಮ್ಮ ಕೆನ್ನೇಲಿ. ಗ್ರೀಸು."

ಅವಳು ಉರಿದುಹೋದಳು. ಮುಂಗೈಯಿಂದ ಒರೆಸಿಕೊಂಡಳು. ಒಂದು ಬೊಟ್ಟಿನಷ್ಟಿದ್ದದ್ದು ಕಿವಿಯವರೆಗೂ ಹರಡಿತು. ಸಂತೆಗೆ ಸಂತೆಯೇ ನಕ್ಕಿತು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಲ್ಲಮ್ಮ" ಎಂದ ಡ್ರೈವರ್ ಮಾವ. "ಆಫೀಸಿಗೆ ಹೋಗಿ ಕೇಳು. ಪಾಪ, ಇವನು ಬರೀ ಬಾಯಿ."

"ಬಾಯಿ ಇದ್ದೋರಿಗೆ ತಲೆಯೂ ಇರ್ಬೇಕು ಮಾವ!"

ಆಫೀಸಿನಲ್ಲಿ ಇಂಜಿನಿಯರ್ ಸಾಹೇಬರು ಕನ್ನಡಕ ಒರೆಸುತ್ತಾ, ತಾವೇ ಖುದ್ದಾಗಿ ಹೋಗಿ ನೋಡಿ ಬಂದದ್ದಾಗಿ ಹೇಳಿದರು. "ಕಾಲು ಮುರಿದ ಮಂಚ, ಚಕ್ರ ಇಲ್ಲದ ಕುರ್ಚಿ. ಗುಜರಿ ಅಲ್ದೆ ಇನ್ನೇನಮ್ಮಾ ಅದು?"

"ಚೆನ್ನಾಗಿರೋದೆಲ್ಲ ಜನರ ಮನೇಲಿದೆ ಸರ್! ರಿಪೇರಿಗೆ ಬಂದಿದ್ದು ಮಾತ್ರ ಅಲ್ಲಿರುತ್ತೆ. ಆ ಕೋಣೆ ಖಾಲಿ ಇದ್ರೇನೇ ಕೆಲಸ ನಡೀತಿದೆ ಅಂತ ಅರ್ಥ."

"ಯಾರ ಮನೇಲಿದೆ? ಹೆಸರು ಕೊಡಿ."

ಹೆಸರು ಅವಳಿಗೇ ಗೊತ್ತಿಲ್ಲ. ಗೊತ್ತಿದ್ದ ನಾಲ್ಕಾರನ್ನೂ ಹೇಳಲಾರಳು. ಈರುಳ್ಳಿ ಅಜ್ಜಿಯ ವಾಕರ್ ಇಡೀ ದಿನ ಗೋಣಿಚೀಲಗಳ ಕೆಳಗೆ ಅಡಗಿರುತ್ತದೆ, ಸಂತೆ ಖಾಲಿಯಾದ ಮೇಲಷ್ಟೇ ಹೊರಗೆ ಬರುತ್ತದೆ. ಅದನ್ನು ಅವಳು ಇಂಜಿನಿಯರಿಗೆ ಹೇಳುವುದೇ?

"ನೋಡಿ" ಎಂದರು ಸಾಹೇಬರು ಗೆದ್ದವರಂತೆ. "ಅವತ್ತು ನಿಮ್ಮ ಮೈಕೂ ಜೊತೆಗಿದ್ದ. ಈ ಮಂಚದ ಮೇಲೆ ಯಾರಯ್ಯಾ ಮಲಗ್ತಾರೆ, ಯಾರೂ ಇಲ್ಲ ತಾನೆ ಅಂತ ಕೇಳ್ದೆ. ತುಟಿ ಪಿಟಕ್ ಅನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ."

ಸಿಟ್ಟಿನಲ್ಲಿ ಎರಡು ಬಗೆ. ಹಾಲುಕ್ಕಿದ ಹಾಗೆ ಬುಸ್ಸೆಂದು ಬಂದು ಇಳಿಯುವುದು ಒಂದು. ಅವಳಿಗೆ ಅದು ದಿನನಿತ್ಯದ್ದು. ಈಗ ಬಂದದ್ದು ಬೇರೆ. ತಳ ಹಿಡಿದದ್ದು.

ಏಕೆಂದರೆ ಆ ಮಂಚ ಅವಳಿಗೆ ಗೊತ್ತು. ಹೋದ ವರ್ಷ ಬೆಳಗಿನ ಜಾವ ಅದನ್ನು ತಳ್ಳುಗಾಡಿಯಲ್ಲಿ ತಂದು, ಬಾಗಿಲಲ್ಲಿ ನಿಲ್ಲಿಸಿ, ಮಡಿಸಿದ ಬೆಡ್‌ಶೀಟ್ ಇಟ್ಟು, ಅದರ ಮೇಲೆ ಎರಡು ಗಳಿಗೆ ಅಂಗೈ ಒತ್ತಿ ನಿಂತಿದ್ದವನನ್ನು ಅವಳು ಎದುರಿನ ತನ್ನ ಅಂಗಡಿಯ ಕತ್ತಲಿನಿಂದ ನೋಡಿದ್ದಳು. ಮುಖ ಕಂಡಿರಲಿಲ್ಲ. ಆದರೆ ಆಮೇಲೆ ನಾಲ್ಕು ದಿನ ವ್ಯಾನು ಬಂದಿರಲಿಲ್ಲ. ಮೈಕಿನ ತಾಯಿ ತೀರಿಕೊಂಡರಂತೆ ಎಂದು ಊರು ಮಾತಾಡಿಕೊಂಡಾಗ ಅವಳಿಗೆ ಅರ್ಥವಾಗಿತ್ತು. ಅವಳು ಆ ದನಿಯನ್ನು ತಲೆ ಬಗ್ಗಿಸಿ ಕೇಳಲು ಶುರುಮಾಡಿದ್ದು ಅಲ್ಲಿಂದ.

ಆಫೀಸಿನ ಹಿಂದುಗಡೆಯ ಸಣ್ಣ ಕೋಣೆ ಅವನದು. ದನಿ ಗುಯ್‌ಗುಟ್ಟದಿರಲೆಂದು ಗೋಡೆಗೆಲ್ಲ ಹಳೆಯ ರಜಾಯಿ ತೂಗುಹಾಕಿದ್ದ. ಅವಳು ಬಾಗಿಲು ತಳ್ಳಿದ ರಭಸಕ್ಕೆ ಒಂದು ರಜಾಯಿ ಕಳಚಿ ಬಿತ್ತು. ಅವನು ಮೈಕಿನ ಮುಂದಿನಿಂದ ಎದ್ದು ನಿಂತ.

"ನಿಮ್ಮಮ್ಮ ಮಲಗಿದ್ದ ಮಂಚ ಅದು!" ಎಂದಳು. "ಬೇರೆ ಯಾರು ಸುಮ್ಮನಿದ್ರೂ ನನಗೆ ಇಷ್ಟು ಹೊಟ್ಟೆ ಉರೀತಿರಲಿಲ್ಲ. ನೀವು! ತೊಳೆದು, ಒರೆಸಿ, ಬೆಡ್‌ಶೀಟ್ ಮಡಿಸಿಟ್ಟೋರು ನೀವು!"

ಅವನ ಮುಖದಿಂದ ಬಣ್ಣ ಇಳಿಯಿತು. ರಜಾಯಿಗಳ ನಡುವೆ ಅವಳ ಕೂಗು ಕೂಡ ಪಕ್ಕದ ಮನೆಯವರ ಕೂಗಿನಂತೆ ಮಂಕಾಗಿ ಕೇಳಿತು.

"ಅದನ್ನ ನೋಡಿದ ತಕ್ಷಣ ಗಂಟಲು ಕಟ್ತು" ಎಂದ. ಪಿಸುಮಾತೇ, ಆದರೆ ಈ ಕೋಣೆಯಲ್ಲಿ ಪೂರ್ತಿ ಕೇಳಿಸಿತು. "ಅಮ್ಮ ಅಂತ ಹೇಳೋಕೆ ಹೋದೆ. ಬರಲಿಲ್ಲ. ಬರೋಷ್ಟರಲ್ಲಿ ಅವರು ಮೆಟ್ಟಿಲು ಇಳಿದಿದ್ರು."

"ಆಮೇಲೆ? ಗುಜರಿ ಅನ್ನೋಕೆ ಮಾತ್ರ ಸಲೀಸಾಗಿ ಬಂತಾ?"

ಅವನು ಮೈಕಿನ ಕಡೆ ನೋಡಿದ. "ಇದರ ಮುಂದೆ ಕೂತ್ರೆ ಅದು ನನ್ನ ಮಾತಲ್ಲ. ಅದಕ್ಕೇ ಬರುತ್ತೆ." ಆಮೇಲೆ ಅವಳತ್ತ ತಿರುಗಿ, "ಸಾಮಾನು ತಗೊಂಡೋರೆಲ್ಲ ಸಭೆಗೆ ಬನ್ನಿ ಅಂತ ಸಾರ್ತೀನಿ. ನಾಳೆಯೇ. ಕೆಲಸ ಹೋದ್ರೆ ಹೋಗ್ಲಿ."

"ಸಾರ್ತೀರಾ? ಕಮೋಡ್ ಕುರ್ಚಿ ತಗೊಂಡೋರೆಲ್ಲ ಎದ್ದು ಬನ್ನಿ ಅಂತ ಊರಿಗೆಲ್ಲ ಕೂಗ್ತೀರಾ? ನಮ್ಮಪ್ಪ ಇಷ್ಟು ವರ್ಷ ಒಬ್ಬರ ಹೆಸರೂ ಬಾಯಿ ಬಿಡದೆ ಕಾಪಾಡಿದ್ದು ಇದಕ್ಕಾ?"

"ಮತ್ತೆ ಹೇಗೆ?"

"ನನ್ನನ್ನೇನು ಕೇಳ್ತೀರಿ? ಒಡೆದೋರು ನೀವು, ಕೂಡಿಸೋರೂ ನೀವೇ. ಅಲ್ಲೀವರೆಗೆ ಆ ಗಂಟಲು ನನ್ನ ಕಿವಿಗೆ ಬೀಳಬಾರದು!"

ಬಿದ್ದ ರಜಾಯಿಯನ್ನು ಎತ್ತಿ ಮೊಳೆಗೆ ಸಿಕ್ಕಿಸಿ ಹೊರಟಳು. ಸಿಟ್ಟಿದ್ದರೂ ಬಿದ್ದ ವಸ್ತುವನ್ನು ಹಾಗೇ ಬಿಟ್ಟು ಹೋಗಲು ಅವಳಿಗೆ ಬರುತ್ತಿರಲಿಲ್ಲ.

ಮರುದಿನ ವ್ಯಾನು ಬಂತು. ಸಂತೆ ಬೀದಿಯ ತಿರುವಿನಲ್ಲಿ ದನಿ ಥಟ್ಟನೆ ನಿಂತಿತು. ವ್ಯಾನು ಅವಳ ಅಂಗಡಿಯ ಮುಂದೆ ಕಳ್ಳ ಬೆಕ್ಕಿನಂತೆ ಸದ್ದಿಲ್ಲದೆ ಸರಿದು, ಆಚೆ ತಿರುವಿನಲ್ಲಿ ಮತ್ತೆ ಬಾಯಿ ಬಿಟ್ಟಿತು. ಅದರ ಮರುದಿನವೂ ಹಾಗೇ.

"ನಮ್ಮ ಬೀದಿ ಈ ಊರಲ್ಲಿಲ್ವಾ?" ಎಂದು ಅವಳು ಟೈರಿನ ಮೇಲೆ ಸಿಟ್ಟು ತೀರಿಸಿಕೊಂಡಳು. "ನಮಗೆ ನಲ್ಲಿ ನೀರು ಬೇಡ್ವಾ?"

"ನೀನೇ ತಾನೆ ಕಿವಿಗೆ ಬೀಳಬಾರದು ಅಂದಿದ್ದು?" ಎಂದಳು ಅಮ್ಮ, ಒಗೆದ ಬಟ್ಟೆ ಕೊಡವುತ್ತಾ.

"ಅಂದೆ. ಅಂದಿದ್ದೆಲ್ಲ ಮಾಡ್ಬಿಡೋದಾ?"

ಅಮ್ಮ ಒಂದು ಅಂಗಿಯನ್ನು ಹಗ್ಗಕ್ಕೆ ಹಾಕಿ, ಕಾಲರು ಎಳೆದು ನೇರ ಮಾಡಿದಳು. "ನಿನ್ನ ಸಿಟ್ಟು ತಪ್ಪಲ್ಲ ಪುಟ್ಟಿ. ತಪ್ಪಿರೋ ಕಡೆಗೇ ಹೋಗಿದೆ. ಆದ್ರೆ ಸಿಟ್ಟಲ್ಲಿ ಕೊಯ್ದ ಮೂಗು ಸಮಾಧಾನ ಆದ್ಮೇಲೆ ಬರಲ್ಲ. ಅವನ ಮೂಗು ಅಷ್ಟು ಕೆಟ್ಟದಾಗೇನೂ ಇಲ್ಲ."

"ಅಮ್ಮಾ!"

"ನಾನು ಮೂಗಿನ ವಿಷಯ ಹೇಳ್ದೆ, ಅಷ್ಟೇ."

ಅವಳು ತನಗೆ ಗೊತ್ತಿದ್ದ ಮನೆಗಳಿಗೆ ಹೋದಳು. ಬಾಗಿಲವರೆಗೆ ಹೋದಳು, ಬಾಗಿಲು ತಟ್ಟಲಾಗದೆ ಬಂದಳು. ಕೇಳದಿರುವುದನ್ನೇ ಕಲಿತವಳಿಗೆ ಕೇಳುವುದು ಹೇಗೆಂದು ತಿಳಿಯಲಿಲ್ಲ. ವಾರದ ಕೊನೆಯಲ್ಲಿ ವ್ಯಾನೂ ನಿಂತಿತು. ಊರಿಗೆಲ್ಲ ಸುದ್ದಿ ಇಲ್ಲ. ಮೈಕಿಗೆ ಮೈ ಸರಿಯಿಲ್ಲವಂತೆ ಎಂದರು. ತಪ್ಪಿಸಿಕೊಂಡ, ಹೇಡಿ, ಎಂದುಕೊಂಡಳು. ಹಾಗೆಂದುಕೊಂಡ ಮೇಲೆ ಕಣ್ಣು ಏಕೆ ತುಂಬಬೇಕು? ಅದಕ್ಕೂ ಸಿಟ್ಟು ಬಂತು.

ಸಂತೆಯ ಬೆಳಿಗ್ಗೆ ಸಭಾಂಗಣಕ್ಕೆ ಅಮ್ಮನ ಕೈ ಹಿಡಿದುಕೊಂಡು ಹೋದಳು. ಮೇಜಿನ ಆಚೆ ಅಧ್ಯಕ್ಷರು, ಇಂಜಿನಿಯರ್, ಆಕಳಿಸುತ್ತಿದ್ದ ಸದಸ್ಯರು. ಈಚೆ ಖಾಲಿ ಕುರ್ಚಿಗಳು. ಮೂಲೆಯಲ್ಲಿ ಮೈಕಿನ ವೈರು ಜೋಡಿಸುತ್ತಾ ಅವನು. ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡಿದ್ದ. ಅವಳು ನೋಡಿದಳು. ಅವನೂ ನೋಡಿದ, ಈ ಸಲ ರೆಪ್ಪೆ ಇಳಿಸಲಿಲ್ಲ. ಅವಳೇ ಮುಖ ತಿರುಗಿಸಿದಳು.

"ಆಕ್ಷೇಪಣೆ ನಿಮ್ಮಿಬ್ಬರದ್ದೇನಾ?" ಎಂದರು ಅಧ್ಯಕ್ಷರು. "ಊರಿಗೆ ಇಲ್ಲದ್ದು ನಿಮಗ್ಯಾಕಮ್ಮಾ?"

ಅವಳು ಬಾಯಿ ತೆರೆದಳು. ಆಗಲೇ ಹೊರಗಿನ ಜಗಲಿಯಲ್ಲಿ ಸದ್ದು ಕೇಳಿತು. ಕೀಚ್, ಕೀಚ್. ಅದು ಎಡ ಚಕ್ರದ ಬೇರಿಂಗು, ಅವಳಿಗೆ ಗೊತ್ತು, ಎಣ್ಣೆ ಕಂಡು ತಿಂಗಳಾಗಿದೆ. ಟಕ್, ಟಕ್. ಅದು ರಬ್ಬರ್ ಸವೆದ ಊರುಗೋಲು. ಆಮೇಲೆ ಇನ್ನೊಂದು ಟಕ್, ಇನ್ನೊಂದು ಕೀಚ್, ಒಂದರ ಹಿಂದೊಂದು, ತನ್ನ ಕೈಯಲ್ಲೇ ರಿಪೇರಿಯಾದ ಸದ್ದುಗಳೆಲ್ಲ ತನ್ನತ್ತಲೇ ಬರುತ್ತಿದ್ದವು.

ಮೊದಲು ಬಂದದ್ದು ನಿವೃತ್ತ ಮೇಷ್ಟ್ರು, ವೀಲ್‌ಚೇರಿನಲ್ಲಿ, ತಳ್ಳುತ್ತಾ ಸೊಸೆ. ಅವರ ಹಿಂದೆ ಟೈಲರ್, ಕಂಕುಳಲ್ಲಿ ಊರುಗೋಲು. ಬಾಣಂತಿ ಮಗಳ ಜೊತೆ ಬಂದ ಅಂಚೆಯಣ್ಣ. ಕೊನೆಗೆ ಈರುಳ್ಳಿ ಅಜ್ಜಿ, ವಾಕರ್ ಹಿಡಿದು, ಹಾಡುಹಗಲಿನಲ್ಲಿ, ತಲೆ ಎತ್ತಿಕೊಂಡು. ಕುರ್ಚಿಗಳು ಸಾಲದಾದವು.

"ಅಧ್ಯಕ್ಷರೇ" ಎಂದರು ಮೇಷ್ಟ್ರು, "ನಾನು ಕೂತಿರೋದು ನಿಮ್ಮ ಗುಜರಿ ಮೇಲೇ. ಹರಾಜು ಕೂಗೋದಾದ್ರೆ ನನ್ನನ್ನೂ ಸೇರಿಸಿ ಕೂಗಿ. ಜಾಸ್ತಿ ರೇಟಿಗೆ ಯಾರೂ ಕೇಳಲ್ಲ, ಹಲ್ಲೂ ಇಲ್ಲ."

ನಗು ಎದ್ದಿತು. ಈರುಳ್ಳಿ ಅಜ್ಜಿ ನಗಲಿಲ್ಲ. "ನನ್ನದು ಗುಜರಿ ಅಂದೋರು ಯಾರಪ್ಪಾ, ಒಂಚೂರು ಎದ್ದು ನಿಲ್ಲು, ನೋಡೋಣ. ನಾನು ಇದನ್ನ ಹಿಡ್ಕೊಂಡು ನಿಂತಿದ್ದೀನಿ, ನಿನಗೆ ಎರಡು ಕಾಲಿದೆ."

ಇಂಜಿನಿಯರ್ ಕನ್ನಡಕ ಒರೆಸತೊಡಗಿದರು.

"ಅಜ್ಜಿ" ಎಂದಳು ಅವಳು. "ನಿಮಗೆಲ್ಲ ಯಾರು ಹೇಳಿದ್ದು?"

"ಇವನೇ, ಇನ್ಯಾರು? ಬಾಗಿಲಿಗೆ ಬಂದು ಪಿಸಪಿಸ ಅಂದ. ಏನಪ್ಪಾ ಅಂದೆ. ಮತ್ತೆ ಪಿಸಪಿಸ. ಊರಲ್ಲಿರೋ ಬಾಗಿಲೆಲ್ಲ ತಟ್ಟಿದಾನಂತೆ, ಯಾರ ಮನೇಲಿ ಏನಿದೆ ಗೊತ್ತಿಲ್ಲ ಅಂತ. ಇದ್ರೆ ಹೇಳ್ಬೇಡಿ, ಬರೋಕೆ ನಾಚಿಕೆ ಆಗದಿದ್ರೆ ಮಾತ್ರ ಬನ್ನಿ ಅಂದ. ನಾಚಿಕೆ ಯಾಕೋ ಅಂದೆ, ಬಂದೆ."

ಸೈಕಲ್ ಅಂಗಡಿಯವಳು ಮೂಲೆಯ ಕಡೆ ತಿರುಗಿದಳು. ಮೈಕಿಲ್ಲದೆ ನಾಲ್ಕು ಮಾತಾಡಲಾಗದವನು, ಬಾಗಿಲು ಬಾಗಿಲಿಗೆ, ಅಪರಿಚಿತರ ಮುಖದ ಮುಂದೆ. ಮಫ್ಲರಿನ ಅರ್ಥ ಅವಳಿಗೆ ಈಗ ಹೊಳೆಯಿತು.

ಅವನು ಎದ್ದು ಬಂದ. ಮೈಕನ್ನು ಮೇಷ್ಟ್ರ ಕೈಗೆ ಕೊಟ್ಟು ಬರಿಗೈಯಲ್ಲಿ ನಿಂತ. ಗಂಟಲಿನಿಂದ ಬಂದದ್ದು ದನಿಯಲ್ಲ, ಒಣ ಎಲೆ ಎಳೆದ ಸದ್ದು. ಅದನ್ನು ಕೇಳಲು ಇಡೀ ಸಭೆ ಉಸಿರು ಹಿಡಿಯಿತು.

"ಆ ಮಂಚದ ಮೇಲೆ ಯಾರು ಮಲಗ್ತಾರೆ ಅಂತ ಸಾಹೇಬ್ರು ಕೇಳಿದ್ರು. ನಾನು ಸುಮ್ಮನಿದ್ದೆ. ನನ್ನಮ್ಮ ಮಲಗಿದ್ರು. ಅದರ ಮೇಲೇ ಹೋದ್ರು. ಕೊನೇ ದಿನಗಳಲ್ಲಿ ತಲೆ ಎತ್ತಿ ಕಿಟಕಿ ನೋಡೋಕೆ ಆಗಿದ್ದು ಆ ಮಂಚದಿಂದ." ಅಷ್ಟು ಹೇಳಿ ಕುಳಿತುಬಿಟ್ಟ.

ಅಧ್ಯಕ್ಷರು ಕೆಮ್ಮಿದರು. ಪಕ್ಕದವರ ಕಿವಿ ಕಚ್ಚಿದರು. ಹರಾಜು ರದ್ದು, ತೂಕದ ಮನೆ ಇದ್ದಂತೆಯೇ ಇರತಕ್ಕದ್ದು, ಗೋದಾಮಿಗೆ ಬೇರೆ ಜಾಗ ನೋಡತಕ್ಕದ್ದು, ಇದು ಸಣ್ಣ ಕಣ್ತಪ್ಪು ಎಂದರು.

"ಕಣ್ತಪ್ಪಲ್ಲ ಸರ್" ಎಂದಳು ಅವಳು. "ತಪ್ಪೋಕೂ ಮೊದಲು ಕಣ್ಣು ಹಾಯಿಸ್ಬೇಕು. ಮೇಲಿಂದ ಕೂಗಿ ಗುಜರಿ ಅಂದ್ರಲ್ಲ, ಅಲ್ಲ ಅಂತಲೂ ಅಲ್ಲಿಂದಲೇ ಕೂಗಿಸಿ. ಇವತ್ತೇ, ಸಂತೆ ಮುಗಿಯೋದ್ರೊಳಗೆ."

ಕೂಗಿಸುವುದೆಂದು ಆಯಿತು. ಆದರೆ ಕೂಗುವ ಗಂಟಲೇ ಹೋಗಿತ್ತು.

"ಕೂಗಿ ಅಂದೋಳು ಇವಳೇ" ಎಂದ ಡ್ರೈವರ್ ಮಾವ ವ್ಯಾನಿನ ಬಾಗಿಲು ತೆರೆದು. "ಹತ್ತಮ್ಮ." ಮಫ್ಲರಿನವನು ಆಗಲೇ ಒಳಗೆ ಸರಿದು ಅವಳಿಗೆ ಜಾಗ ಬಿಟ್ಟಿದ್ದ.

ಹೀಗೆ ಆ ಮಧ್ಯಾಹ್ನ ಊರಿನ ಹೆಂಗಸರು ಒಲೆ ಸಣ್ಣ ಮಾಡಿ ಬಾಗಿಲಿಗೆ ಬಂದವರು ಬೆಚ್ಚಿಬಿದ್ದರು.

"ಸಾರ್ವಜನಿಕರ ಗಮನಕ್ಕೆ! ಗಮನ ಕೊಡಿ ಅಂದೆ! ತೂಕದ ಮನೇಲಿರೋದು ಗುಜರಿ ಅಲ್ಲ. ಹರಾಜು ಇಲ್ಲ. ಯಾರಿಗೆ ಏನು ಬೇಕೋ ಬಂದು ತಗೊಂಡು ಹೋಗಿ. ಯಾರಿಗೆ, ಏನಾಗಿದೆ ಅಂತ ಒಬ್ರೂ ಕೇಳಲ್ಲ. ಕೇಳಿದ್ರೆ ನನಗೆ ಹೇಳಿ!"

"ಏನ್ರೀ ಇದು" ಎಂದಳೊಬ್ಬಳು ಪಕ್ಕದ ಮನೆಯವಳಿಗೆ, "ಇವತ್ತು ಪುರಸಭೆ ಬಯ್ಯೋಕೇ ಶುರುಮಾಡಿದೆ!"

ಕೊನೆಯ ಬೀದಿ ಮುಗಿದು ವ್ಯಾನು ತೂಕದ ಮನೆಯ ಮುಂದೆ ನಿಂತಿತು. ಡ್ರೈವರ್ ಮಾವ ಟೀ ಕುಡಿದು ಬರುತ್ತೇನೆಂದು, ಯಾರೂ ಕೇಳದಿದ್ದರೂ ಎರಡು ಸಲ ಹೇಳಿ, ಇಳಿದು ಹೋದ.

ಅವಳು ಸ್ವಿಚ್ ಆರಿಸಿದಳು. ಕೆಂಪು ದೀಪ ಆರಿತೇ ಎಂದು ನೋಡಿದಳು. ಮೈಕಿನ ಮೇಲೆ ಬೆರಳು ಬಡಿದಳು. ಸಾಲದೆಂದು ವೈರನ್ನೇ ಕಿತ್ತಿಟ್ಟಳು. "ಹಾಂ. ಈಗ ಹೇಳಿ. ಆವಾಗಿಂದ ಏನೋ ಗಂಟಲಲ್ಲಿಟ್ಕೊಂಡು ಕೂತಿದ್ದೀರಿ."

ಅವನ ತುಟಿ ಅಲುಗಿತು.

"ಕೇಳಿಸ್ಲಿಲ್ಲ" ಎಂದಳು.

ಅವನು ಇನ್ನಷ್ಟು ಹತ್ತಿರ ಬಾಗಿದ. "ನಿಮ್ಮ ಬೀದೀಲಿ ಸ್ವಿಚ್ ಆರಿಸಿದ ದಿನವೆಲ್ಲ ನನಗೆ ಊಟ ಸೇರಲಿಲ್ಲ. ನನಗೆ ಮಾತು ಬರಲ್ಲ. ಬಯ್ಯೋರು ಒಬ್ರು ಬೇಕು. ಜೀವನ ಪೂರ್ತಿ ಬಯ್ತೀರಾ?"

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ತಿಳ್ಕೊಳ್ಳಿ."

"ಇಳಿಸ್ಬೇಡಿ" ಎಂದ. "ಅದರಿಂದಲೇ ತೂಕದ ಮನೆ ಉಳೀತು."

ಕಿಟಕಿಯಾಚೆ ತೂಕದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಕಾಲು ಮುರಿದ ಮಂಚ ಗೋಡೆಗೊರಗಿ ನಿಂತಿತ್ತು.

"ಮೊದಲು ಅದಕ್ಕೆ ಕಾಲು ಹಾಕ್ಬೇಕು" ಎಂದಳು. "ಒಬ್ಬಳಿಂದ ಆಗಲ್ಲ. ಆ ಕಡೆ ಹಿಡ್ಕೊಳ್ಳೋರು ಬೇಕು."

"ಹಿಡ್ಕೋತೀನಿ."

"ಕೇಳಿಸ್ಲಿಲ್ಲ."

ಅವನು ಮಫ್ಲರಿನ ತುದಿ ತೆಗೆದು, ಅವಳ ಕೆನ್ನೆಯ ಮೇಲೆ ಬೆಳಗಿನಿಂದಲೂ ಇದ್ದ ಗ್ರೀಸಿನ ಗೆರೆಯನ್ನು ಮೆಲ್ಲಗೆ, ಕಿವಿಯವರೆಗೂ, ಒರೆಸಿದ.

"ಹಾಂ" ಎಂದಳು ಅವಳು, ಗದರುವ ದನಿಯಲ್ಲೇ. "ಈಗ ಕೇಳಿಸ್ತು."